ತಾಗಿದ್ದು, ತಾಗಿಸಿದ್ದು

ಮೇಡಂ, ನಿಮ್ಮ ಫಾರಮ್ಮಿನಲ್ಲಿ
'ಘಟನೆಯ ವಿವರ' ಅಂತಿರುವ ಕಡೆ
ಎರಡೇ ಗೆರೆ ಜಾಗ ಬಿಟ್ಟಿದ್ದೀರಿ.
ಬರೆಯಲು ಕೂತ ಗುಮಾಸ್ತರು ಪೆನ್ನೆತ್ತಿ ಕೇಳುತ್ತಾರೆ:
ಮುಟ್ಟಿದನಾ? ಎಲ್ಲಿ ಮುಟ್ಟಿದ?
ಮುಟ್ಟದೇ ಇದ್ದರೆ ಏನಂತ ಬರೆಯಲಿ?

ಹೆಸರು ನಾರೆಮ್ಮ. ಊರು ಶಿಡ್ಲಘಟ್ಟ.
ಹತ್ತೊಂಬತ್ತು ವರ್ಷದಿಂದ
ಕುದಿನೀರಿನ ಬೇಸಿನ್ ಮುಂದೆ ನಿಂತವಳು.
ಗೂಡಿನ ಎಳೆ ಕಣ್ಣಿಗೆ ಸಿಕ್ಕುವುದಿಲ್ಲ ಮೇಡಂ,
ಬೆರಳಿಗೆ ಸಿಕ್ಕುತ್ತದೆ.
ತುದಿ ಎಲ್ಲಿದೆ, ಎಲ್ಲಿ ಸವೆಯಿತು,
ಇನ್ನು ಎಷ್ಟು ಸುತ್ತಿಗೆ ಕಡಿಯುತ್ತದೆ,
ಉಗಿಯೊಳಗೆ ಕಣ್ಣು ಮುಚ್ಚಿ ಹೇಳುತ್ತೇನೆ.
ಅಂಥ ಬೆರಳಿನವಳನ್ನು ಕೇಳುತ್ತೀರಿ
ತಾಗಿದ್ದೋ ತಾಗಿಸಿದ್ದೋ
ಸರಿಯಾಗಿ ಗೊತ್ತಾ ನಿನಗೆ ಅಂತ.

ಓಣಿ ಕಿರಿದು, ಒಪ್ಪುತ್ತೇನೆ.
ಒಬ್ಬರು ಹಾದುಹೋಗಲು ಇನ್ನೊಬ್ಬರು ಸರಿಯಬೇಕು.
ಗೂಡು ಹೊರುವ ಇಮ್ತಿಯಾಜ್ ದಿನಕ್ಕೆ ಇಪ್ಪತ್ತು ಸಲ
'ಅಕ್ಕಾ ಬುಟ್ಟಿ, ಅಕ್ಕಾ ಬುಟ್ಟಿ' ಕೂಗಿಕೊಂಡೇ ಬರುತ್ತಾನೆ.
ಅವನ ಮೊಣಕೈ ತಾಗಿದೆ, ಬುಟ್ಟಿಯ ಅಂಚು ಗೀರಿದೆ.
ಅದು ತಾಗಿದ್ದು.
ಮೇಸ್ತ್ರಿ ಬರುವಾಗ ಕೂಗಿಲ್ಲ.
ಕೈಯಲ್ಲಿ ಬುಟ್ಟಿಯೂ ಇಲ್ಲ.

ಮುಟ್ಟದ್ದನ್ನೂ ಹೇಳುತ್ತೇನೆ, ಬರೆದುಕೊಳ್ಳಲಿ.
ನೂಲಿನ ಕಡೆ ನೋಡದೆ
'ನಿನ್ನದು ಒಳ್ಳೇ ಮಾಲು' ಅಂದದ್ದು.
ಫೋನು ಮುಖಕ್ಕೆ ಹಿಡಿದು
'ಅಯ್ಯೋ, ತಪ್ಪಿ ತೆರೆದುಕೊಂಡಿತು' ಅಂದದ್ದು,
ಒಂದೇ ವಾರದಲ್ಲಿ ಮೂರು ಸಲ ತಪ್ಪಿ.
ಜಬೀನಾಗೆ ಮದುವೆ ಗೊತ್ತಾದಾಗ ಅವಳನ್ನು ಕೇಳಿದ್ದು —
ಅದನ್ನು ಈ ಬಾಯಲ್ಲಿ ಹೇಳಲಾರೆ,
ಚೀಟಿಯಲ್ಲಿದೆ, ನೀವೇ ಓದಿಕೊಳ್ಳಿ.
ಭಾನುವಾರ ಗೋದಾಮು ಗುಡಿಸಲು ಒಬ್ಬಳೇ ಬಾ ಅಂದದ್ದು.
ಒಲ್ಲೆ ಅಂದ ಮರುದಿನವೇ
ಪೈಪು ಸೋರುವ ಮೂಲೆಯ ಬೇಸಿನ್ನಿಗೆ ನನ್ನನ್ನು ಹಾಕಿದ್ದು,
ಸಾಲಿನಲ್ಲಿ ಕಡಿದ ನೂಲೆಲ್ಲ
ನನ್ನೊಬ್ಬಳ ಲೆಕ್ಕಕ್ಕೆ ಏರಿದ್ದು.
ಅವನು ಗುನುಗುವ ಹಾಡನ್ನೂ ಸೇರಿಸಿ.
ಹಾಡುವುದು ತಪ್ಪಲ್ಲ, ಗೊತ್ತು.
ನಾನು ಬಗ್ಗಿದಾಗ ಶುರುವಾಗಿ
ನೆಟ್ಟಗೆ ನಿಂತಾಗ ನಿಲ್ಲುತ್ತದೆ, ಅಷ್ಟೆ.

'ತಮಾಷೆ ಕಣಮ್ಮ' ಅಂದರು ಯಜಮಾನರು.
ತಮಾಷೆ ನಮಗೇನು ಹೊಸದೇ?
ನಮ್ಮ ಗಂಗುಲಮ್ಮ ಬಾಯಿ ಬಿಟ್ಟರೆ
ನೀವು ಕುರ್ಚಿಯಿಂದ ಬೀಳುತ್ತೀರಿ.
ಅವಳ ಮಾತಿಗೆ ನಗದೆ ಇದ್ದರೂ ನಡೆಯುತ್ತದೆ.
ಅವನದಕ್ಕೆ ನಗಲೇಬೇಕು,
ಶನಿವಾರದ ಬಟವಾಡೆ ಅವನ ಕೈಯಲ್ಲಿದೆ.

ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲವಂತೆ.
ಇರಬಹುದು. ಆ ಗೂಡು ಬಿಚ್ಚಿ
ಒಳಗಿನ ಹುಳ ನೋಡಿದವಳಲ್ಲ ನಾನು.
ನನಗೆ ಗೊತ್ತಿರುವುದು ನನ್ನ ಬೆನ್ನು:
ಅವನ ಚಪ್ಪಲಿ ಸದ್ದಿಗೆ ತಾನೇ ಗೋಡೆ ಹುಡುಕುತ್ತದೆ.
ಏಪ್ರಿಲ್ ಸೆಕೆ, ಕೆಳಗೆ ಕುದಿನೀರು,
ಮೈಮೇಲೆ ಗಂಡನ ಹಳೇ ಸ್ವೆಟರು.
ಇದಕ್ಕೆ ಯಾವ ಕಾಲಂ?

ಸಾಕ್ಷಿ ಅಂದಿರಿ.
ಜಬೀನಾ ಬಸ್ ಸ್ಟ್ಯಾಂಡ್ ತನಕ ಬಂದಳು.
ಚಿಕ್ಕಬಳ್ಳಾಪುರದ ಬಸ್ಸು ಹೊರಡುವ ಹೊತ್ತಿಗೆ
ಬಾಟಲಿಗೆ ನೀರು ತುಂಬಿಸಿ ತರುತ್ತೇನೆ ಅಂತ ಹೋದವಳು
ಬರಲಿಲ್ಲ.
ಅವಳನ್ನು ಬಯ್ಯಬೇಡಿ. ಮದುವೆ ಹತ್ತಿರವಿದೆ.
ಒಂದೇ ಗೂಡಿನ ಎಳೆ ಉಸಿರಿಗೂ ಕಡಿಯುತ್ತದೆ,
ಎಂಟೋ ಹತ್ತೋ ಕೂಡಿಸಿದರೇ ನೂಲು.
ಇವತ್ತು ನಾನು, ಹೊರಗೆ ಬೆಂಚಿನ ಮೇಲೆ ಗಂಗುಲಮ್ಮ,
ಇಬ್ಬರೇ.

ಹೆಬ್ಬೆಟ್ಟು ಒತ್ತು ಅಂದರು. ಒತ್ತಿದೆ.
ನೋಡಿ, ಬರೀ ನೀಲಿ ಮಚ್ಚೆ.
ರೇಖೆಗಳೆಲ್ಲ ಬೇಸಿನ್ನಿನಲ್ಲಿ ಕರಗಿವೆ,
ರೇಷನ್ ಅಂಗಡಿಯ ಮಿಷನ್ನೂ ನನ್ನನ್ನು
ನಾರೆಮ್ಮ ಅಂತ ಒಪ್ಪುವುದಿಲ್ಲ.
ಪೆನ್ನು ಇತ್ತ ಕೊಡಿ.
ಆರನೇ ಕ್ಲಾಸು ಓದಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗೆ,
ಆದರೂ ನಾನೇ ಬರೆಯುತ್ತೇನೆ.
ಎರಡು ಗೆರೆ ಸಾಲುವುದಿಲ್ಲ,
ಇನ್ನೊಂದು ಹಾಳೆ ಕೊಡಿ.