ಒಂದು ಮಗ್ಗುಲಿಗೆ ನೀರು

ಮಿಲ್ಡೂರಾದ ಔಷಧಿ ಅಂಗಡಿಯಲ್ಲಿ
ಬಣ್ಣವಿಲ್ಲದ ಉಗುರು ಪಾಲಿಶ್ ಆರು ಶೀಶೆ ಕೊಂಡೆ.
ಮದುವೆಯಾ, ಅಂದಳು ಗಲ್ಲಾದ ಹುಡುಗಿ.
ಇಲ್ಲ, ದ್ರಾಕ್ಷಿ ಎಲೆಗೆ, ಅಂದೆ.
ನಗದೆ ಚಿಲ್ಲರೆ ಎಣಿಸಿದಳು.

ಎಲೆಯ ಅಡಿಬದಿಗೆ ತೆಳ್ಳಗೆ ಬಳಿದು, ಒಣಗಲು ಬಿಟ್ಟು,
ಟೇಪು ಅಂಟಿಸಿ ಮೆಲ್ಲನೆ ಸುಲಿದರೆ
ಗಾಜಿನ ಮೇಲೆ ಮೂಡುತ್ತದೆ
ಒಂದಿಡೀ ಊರಿನ ಬಾಯಿ.
ಪ್ರತಿ ಬಾಯಿಗೂ ಎರಡೇ ತುಟಿ,
ಹಿತುಕಿದ ಅವರೆಯ ಎರಡು ಬೇಳೆ
ಎದುರುಬದುರು ಕೂತ ಹಾಗೆ.

ನೀರು ತುಂಬಿದಾಗ ಬಿಲ್ಲಾಗಿ ಬಾಗುತ್ತವೆ, ನಡುವೆ ಸೀಳು.
ನೀರಿಳಿದಾಗ ಜೋತು ಒಂದರ ಮೇಲೊಂದು ಒರಗುತ್ತವೆ.
ಇಲ್ಲಿ ಕಾವಲಿನವನು ಗಟ್ಟಿಯಿದ್ದಾಗ ಕದ ತೆರೆದಿರುತ್ತದೆ,
ಅವನು ಕುಸಿದಾಗಲೇ ಮುಚ್ಚುವುದು.
ನಮ್ಮ ಕೋಟೆಗಳ ಲೆಕ್ಕ ಇಲ್ಲಿ ತಲೆಕೆಳಗು.

ಜನವರಿ. ಬಡಗಣ ಗಾಳಿ
ಒಳನಾಡಿನ ಕೆಂಪು ದೂಳು ಹೊತ್ತು ತಂದ ದಿನ, ನಲವತ್ತಾರು ಡಿಗ್ರಿ.
ಬೆಳಿಗ್ಗೆ ಹತ್ತಕ್ಕೇ ಗ್ರೆನಾಷ್ ಸಾಲು ಬಾಯಿ ಹೊಲಿದುಕೊಂಡಿತ್ತು.
ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಜಾತಿ.
ಪಕ್ಕದ ಶಿರಾಜ್ ಸಾಲ ಮಾಡಿಯಾದರೂ ತುಪ್ಪ ತಿನ್ನುವಂಥದ್ದು;
ಮಧ್ಯಾಹ್ನ ಒಂದಾದರೂ ಅರ್ಧ ತೆರೆದೇ ಇತ್ತು,
ಅಂಚು ಸುಟ್ಟ ಹಪ್ಪಳದಂತೆ ಮುರುಟುವವರೆಗೂ.

ಯಾವುದು ಜಾಣ, ಅಂತ ಕೇಳಿದರು
ತೋಟದ ಯಜಮಾನ ಕಾರ್ಮೆಲೊ ಝಾಪಿಯಾ.
ಮುಚ್ಚಿದರೆ ನೀರುಳಿಯುತ್ತದೆ, ಆದರೆ ಗಾಳಿಯೂ ಒಳಗೆ ಬಾರದು.
ಗಾಳಿಯೇ ಅದರ ಹಿಟ್ಟು, ಬಿಸಿಲು ಬರೀ ಒಲೆ.
ಬೆವರದ ಎಲೆಗೆ ಜ್ವರ ಬೇರೆ ಏರುತ್ತದೆ.
ತೆರೆದರೆ ಬಾಯಾರಿಕೆ, ಮುಚ್ಚಿದರೆ ಹಸಿವು, ಅಂದೆ.
ಟೋಪಿ ತೆಗೆದು ನೆತ್ತಿ ಒರೆಸಿಕೊಂಡರು.
ಉತ್ತರ ಸಿಗಲಿಲ್ಲ ಅನ್ನುವಂತೆ ಮತ್ತೆ ಹಾಕಿಕೊಂಡರು.

ಇಲ್ಲಿ ಬುಡಬುಡಕ್ಕೂ ಎರಡು ಹನಿ ಕೊಳವೆ.
ಎರಡು ವಾರ ಎಡಕ್ಕೆ ನೀರು, ಬಲಕ್ಕಿಲ್ಲ.
ಆಮೇಲೆ ಬಲಕ್ಕೆ, ಎಡಕ್ಕಿಲ್ಲ.
ಒಣಗಿದ ಮಗ್ಗುಲಿನ ಬೇರು ಹೆದರಿ
ರಸದೊಳಗೆ ಸುದ್ದಿ ಕಳಿಸುತ್ತದೆ: ಬರ ಬಂತು.
ಇನ್ನೊಂದು ಮಗ್ಗುಲು ಕೆಸರಲ್ಲಿ ಕಾಲಿಳಿಬಿಟ್ಟು ಕೂತಿದ್ದರೂ
ಎಲೆ ನಂಬುವುದು ಒಣ ಬೇರನ್ನೇ.
ಬಾಯಿ ಅರ್ಧ ಮುಚ್ಚುತ್ತದೆ. ಗೊನೆ ಸೊರಗುವುದಿಲ್ಲ.
ಮರ್ರೆ ನದಿಯ ಪಾಲಿನಲ್ಲಿ ನಮಗೆ ಅಷ್ಟು ಉಳಿತಾಯ.

ವರದಿಯಲ್ಲಿ ಇದಕ್ಕೊಂದು ಮರ್ಯಾದಸ್ಥ ಹೆಸರಿದೆ.
ಕಾರ್ಮೆಲೊ ಮಾತ್ರ, ಕವಾಟ ಬದಲಿಸಿ ಬಂದಾಗಲೆಲ್ಲ,
ಬಳ್ಳಿಗೆ ಸುಳ್ಳು ಹೇಳಿ ಬಂದೆಯಾ, ಅನ್ನುತ್ತಾರೆ.

ಆ ಸಂಜೆ, ಗಾಳಿ ಇನ್ನೂ ಓವೆನ್ ಬಾಗಿಲಿನಂತಿದ್ದಾಗ,
ಇವತ್ತೊಂದು ದಿನ ನಿಜ ಹೇಳೋಣ, ಅಂದರು.
ಎರಡೂ ಕವಾಟ ತೆರೆದೆವು.
ಕತ್ತಲಲ್ಲಿ ಇಡೀ ಸಾಲು ಟಪಟಪ ಅಂದಿತು.
ಹೋಸಿನ ತುದಿಯಲ್ಲಿ ಮುಖ ತೊಳೆದುಕೊಂಡು
ಅವರು ತಮ್ಮ ಭಾಷೆಯಲ್ಲಿ ಏನೋ ಬೈದರು, ಪ್ರೀತಿಯಿಂದಲೇ.

ಮರುದಿನ ಬೆಳಿಗ್ಗೆ ಪಾಲಿಶ್ ಬಳಿದು ಸುಲಿದೆ.
ಮುಚ್ಚಿತ್ತು.
ಬೇರಿನ ಎರಡೂ ಮಗ್ಗುಲು ಒದ್ದೆ, ದಂಟು ತುಂಬಿದೆ,
ಬಿಸಿಲೂ ಹಿತವಾಗಿದೆ. ಬಾಯಿ ಮುಚ್ಚಿಯೇ ಇತ್ತು.
ಅದರ ಮರುದಿನವೂ.
ನೀರು ಒಂದೇ ರಾತ್ರಿಯಲ್ಲಿ ಏರುತ್ತದೆ,
ಹೆದರಿಕೆ ಇಳಿಯಲು ಅದರದೇ ಹೊತ್ತು ಬೇಕು.
ಮೂರು ಬೇಸಿಗೆ ಸುಳ್ಳು ಹೇಳಿದ ಬಾಯಿಂದ ಬಂದ ನಿಜವನ್ನು
ಯಾರಾದರೂ ಕೂಡಲೇ ಯಾಕೆ ನಂಬಬೇಕು?
ಇದು ವರದಿಗೆ ಸೇರುವ ವಾಕ್ಯವಲ್ಲ. ಹೊಡೆದು ಹಾಕಿದೆ.

ನಾಲ್ಕನೆಯ ದಿನ ಶೆಡ್ಡಿನಲ್ಲಿ
ಸೂಕ್ಷ್ಮದರ್ಶಕಕ್ಕೆ ಕಾರ್ಮೆಲೊ ಬಗ್ಗಿದರು, ಒಂದು ಕಣ್ಣು ಮುಚ್ಚಿ.
ತಿರುಪು ಎಲ್ಲಿ ತಿರುಗಿಸಲಿ ಅಂದರು. ತೋರಿಸಿದೆ.
ಆಮೇಲೆ ಸದ್ದಿಲ್ಲ.
ಅವರಿಗೇ ಗೊತ್ತಾಗದೆ
ಅವರ ತುಟಿ ತುಸು ಬಿಟ್ಟುಕೊಂಡಿತ್ತು.

ಕ್ಯಾಲೆಂಡರು ನೋಡಿದೆ. ಸೋಮವಾರ.
ಬಲಗಡೆ ಕವಾಟ ಮುಚ್ಚಲು ಎದ್ದು ಹೋದೆ.