ಎಡಗೈ ಗಂಟು

ಸೇಡಂ ರೋಡಿನ ದೊಡ್ಡ ಅಂಗಡಿಯಾಗ
ತಕ್ಕಡಿ ಮುಂದ ನಿಂದರೋದು ನನ್ನ ಕೆಲಸ.
ಬದನಿಕಾಯಿಗೆ ನಲವತ್ತೊಂದು ಒತ್ತಬೇಕು,
ಚವಳಿಕಾಯಿಗೆ ಎಪ್ಪತ್ತು.
ಚೀಟಿ ಬರ್ತದ, ಅಂಟಸಬೇಕು,
ಮುಂದಿನವರ ಮಾರಿ ನೋಡಿ ನಗಬೇಕು.
ನಗೂದಕ್ಕ ನಂಬರ್ ಇಲ್ಲ.

ಹೊರಗ ಬಿಸಲು ನಲವತ್ಮೂರು.
ಆಟೋದಾಂವ ಸೀಟಿಗೆ ನೀರು ಚೆಲ್ಲಿ ಕೂಡ್ತಾನ.
ಒಳಗ ಹತ್ತು ನಿಮಿಷಕ್ಕೊಮ್ಮೆ
ಕೊತ್ತಂಬರಿ ಮ್ಯಾಲ ಮಂಜು ಊದತದ ಮಷೀನು.
ಪುಣ್ಯಾ ಮಾಡಿ ಬಂದದ ಕೊತ್ತಂಬರಿ.

ಗ್ವಾಡಿಗೆ ಹಸರು ಬೋರ್ಡು: ನಮ್ಮೂರ ಬೆಳೆ.
ಅದರ ಕೆಳಗ ಸೇಬು ಹ್ಯಾಂಗ ಬಂತವ್ವಾ ಅಂತ
ಮಾಸ್ತರೊಬ್ಬರು ಕೇಳಿದರು ಮೊನ್ನೆ.
ಬ್ಯಾರೆ ಕಡೆ ಜಾಗ ಇರಲಿಲ್ರಿ, ಅಂದೆ.
ಇರಲಿ ಬಿಡು, ಸೇಬಿಗೂ ಒಂದು ಊರು ಬೇಕಲ್ಲ,
ಅಂತ ಎರಡು ತಗೊಂಡು ಹೋದರು.

ನಮ್ಮೂರ ಬೆಳೆ ದೂರ ತಿರುಗತದ.
ಪುಂಡಿ ಪಲ್ಯ ನಸಿಕಿನ್ಯಾಗ ಟೆಂಪೋ ಹತ್ತತದ,
ಹೈದರಾಬಾದಿನ ಗೋದಾಮಿನ್ಯಾಗ ಜಳಕ ಮಾಡತದ,
ಬೇರು ಕೊಯ್ಸಿಕೊಂಡು, ನೀಲಿ ರಬ್ಬರ್ ಹಾಕ್ಕೊಂಡು,
ಗೋಂಗುರ ಅಂತ ಹೆಸರು ಬದಲಿ ಮಾಡಿಕೊಂಡು
ಮರುದಿನ ಕಲಬುರಗಿಗೆ ಬರ್ತದ.
ಹೊಲದಿಂದ ಅಂಗಡಿಗೆ ಹದಿನಾರು ಕಿಲೋಮೀಟರ.
ಅದು ನಡದದ್ದು ನಾಕನೂರಾ ಮ್ಯಾಲ.
ಲಗ್ನಾಗಿ ಹೋದಾಕಿ ತವರಿಗೆ ಬಂದ್ರ
ಇಷ್ಟು ಗುರುತು ಸಿಗದಂಗ ಬರೂದಿಲ್ಲ.

ಆದರ ಬುಧವಾರ ಒಂದು ಕಟ್ಟು
ಯಾರ ಕಣ್ಣಿಗೂ ಬೀಳದ ಹಂಗೇ ಬಂದಿತ್ತು.
ರಬ್ಬರ್ ಇಲ್ಲ, ಜಳಕ ಇಲ್ಲ.
ಪುಂಡಿ ನಾರಿನಿಂದಲೇ ಪುಂಡಿ ಕಟ್ಟಿ
ಗಂಟು ಎಡಕ್ಕ ತಿರುವಿದ್ದು.

ಫರಹತಾಬಾದ ದಾರಿಗೆ ಹೋಗಿ ಕೇಳ್ರಿ,
ಎಡಕ್ಕ ಗಂಟು ಹಾಕಾಕಿ ಒಬ್ಬಾಕೇ.
ಸಾಬವ್ವ, ಎಡಚಿ ಸಾಬವ್ವ.
ಶಾಲಿ ಸೂಟಿಯಾಗ ಆಕಿ ಮಡಿಯಾಗ ನಾನೂ
ನೂರು ಕಟ್ಟಿಗೆ ಐದು ರೂಪಾಯಿದಂಗ ಕಟ್ಟೀನಿ.
ನನ್ನವು ಸಂತಿ ಮುಟ್ಟೂದರಾಗ ಬಿಚ್ಚತಿದ್ದವು,
ಆಕಿ ಬೈತಿದ್ದಳು: ಬಲಗೈ ಸೊಕ್ಕು ನಿಂದು.

ತೂಕಕ್ಕ ಇಟ್ಟೆ. ಎರಡನೂರಾ ಹದಿನೆಂಟು ಗ್ರಾಂ.
ಗಾಜಿನ ಮ್ಯಾಲ ಒಂದು ಚಿಮಟಿ ಎರಿಮಣ್ಣು.
ಕಟ್ಟು ತಂದ ಹುಡುಗ, ಕಿವಿಯಾಗ ವೈರು,
ಮಣ್ಣಿಂದು ಕಡಿಮಿ ಮಾಡ್ರಿ, ಅಂದ.
ಮಾಡಿದೆ. ಎರಡು ಗ್ರಾಂ.
ಫ್ರೆಶ್ ಅದ ಏನ್ರಿ?
ಸಾಬವ್ವಂದು, ಅಂದೆ, ಬಾಯಿ ಜಾರಿ.
ಅದು ಯಾವ ಬ್ರ್ಯಾಂಡು?
ಛಲೋ ಬ್ರ್ಯಾಂಡ್ರಿ. ಸಣ್ಣ ಕಂಪನಿ.
ಮಾಲಕಿ, ಕೂಲಿ, ಲಾರಿ ತುಂಬಾಕಿ, ಎಲ್ಲಾ ಒಬ್ಬಾಕೇ.

ಶನಿವಾರ ಆ ಹುಡುಗನ ಅವ್ವ ಬಂದರು.
ಸಾಬವ್ವ ಅದ ಏನ್ರಿ?
ಅವರ ಹಿಂದ ಮತ್ತೊಬ್ಬರು:
ನಮಗೂ ಸಾಬವ್ವ ಒಂದು ಕಟ್ಟು.
ಮ್ಯಾನೇಜರ್ ಕಂಪ್ಯೂಟರಿನ್ಯಾಗ ಹುಡಿಕಿದ,
ಸಬ್ಬಸಗಿ ಬಂತು, ಸಾಬೂನು ಬಂತು,
ಸಾಬುದಾಣಿ ಮೂರು ನಮೂನಿ ಬಂತು.
ಸ್ಟಾಕ್ ಖಾಲಿ ಆಗ್ಯದ್ರೀ, ಅಂದ ಕಡೀಕ,
ಇಲ್ಲ ಅನ್ನಲಿಕ್ಕ ಅವನಿಗೂ ಹುಕುಂ ಇಲ್ಲ.

ರಾತ್ರಿ ರೊಟ್ಟಿ ಬಡದು, ಹಂಚು ಇಳಿಸಿ
ಹಾಲಿನ ಪಾಕೀಟು ಸೀಳಿ ನಾರು ಮಾಡಿ
ಎಡಗೈಲೆ ಒಂದು ಗಂಟು ಹಾಕಿ ನೋಡಿದೆ.
ಬಿಚ್ಚಿತು.
ಮತ್ತೊಮ್ಮೆ ಹಾಕಿದೆ.
ಸೋಮವಾರ ನನಗ ಸೂಟಿ ಅದ,
ಫರಹತಾಬಾದಿಗೆ ಟಂಟಂ ಎಂಟಕ್ಕ ಬಿಡತದ.