ಹುಳಿಯ ಹದ

ಗಾಂಧಿ ಬಜಾರಿನ ತಿರುವಿನಲ್ಲಿ ನನ್ನ ಸೋಡಾ ಅಂಗಡಿ.
ಅಗಲ ಆರಡಿ. ಕಡಪ ಕಲ್ಲಿನ ಕಟ್ಟೆ.
ಮೂವತ್ತೊಂದು ವರ್ಷ ನಿಂಬೆ ಹಿಂಡಿದ ಜಾಗದಲ್ಲಿ
ಕಲ್ಲು ಹೊಳಪು ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿದೆ.
ಬೆರಳಿಗೆ ಸಿಗುವಷ್ಟೇ ತಗ್ಗು, ಕಣ್ಣಿಗಲ್ಲ.
ದಿನಾ ಒರೆಸುತ್ತಿದ್ದೆ. ನೋಡಿರಲಿಲ್ಲ.

ಕೆಲಸ ಕಲಿಸಿದ ದಾದಾಪೀರ್ ಸಾಹೇಬರದು ಒಂದೇ ಮಾತು:
"ತುಕ್ಕೋಜಿ, ನಿನ್ನ ನಾಲಗೆ ದಾಟದೆ
ಒಂದು ಲೋಟವೂ ಗಿರಾಕಿಯ ಕೈಗೆ ಹೋಗಬಾರದು."
ಹೋಗಲಿಲ್ಲ.
ಬೆಳಗಿನ ಶರಬತ್ತಿನ ಕೊಳಗಕ್ಕೊಂದು ಗುಟುಕು,
ಮಧ್ಯಾಹ್ನ ಹೊಸ ಮೂಟೆಯ ನಿಂಬೆ ಕೊಯ್ದಾಗೊಂದು,
ಬೇಸಿಗೆಯಲ್ಲಿ ಸಾಗರದಿಂದ ಬರುವ ಮುರುಗಲ ರಸ,
ಅದಕ್ಕಂತೂ ಬಾಯಲ್ಲೇ ಇಟ್ಟುಕೊಂಡು ಹೊರಳಿಸಬೇಕು,
ಇಲ್ಲದಿದ್ದರೆ ಹದ ತಿಳಿಯದು.

ಈ ಚಳಿಗಾಲ ತಣ್ಣೀರು ತಾಗಿದ್ದೇ
ಮುಂದಿನ ಎರಡು ಹಲ್ಲು ಝುಂ ಅಂದವು.
ಆಮೇಲೆ ಬರೀ ಗಾಳಿಗೂ.
"ಬಲ್ಬಿನ ಗಾಜಾಗಿದೆ ನಿಮ್ಮ ಹಲ್ಲು,
ತುದಿಯಲ್ಲಿ ಆಚೆಯ ಬೆಳಕು ಕಾಣತ್ತೆ"
ಅಂದಳು ಅನಸೂಯಾ, ಅನ್ನ ಬಡಿಸುತ್ತ.

ದುರ್ಗಿಗುಡಿಯ ಡಾಕ್ಟರು ಚಿಕ್ಕ ಹುಡುಗಿ.
ಕನ್ನಡಿ ಹಿಡಿದು ತೋರಿಸಿದಳು:
"ಹುಳ ತಿಂದರೆ ತೂತು ಬೀಳತ್ತೆ.
ಹುಳಿ ತಿಂದರೆ ಇಡೀ ಹಲ್ಲೇ ತೆಳ್ಳಗಾಗತ್ತೆ.
ಎನಾಮಲ್ ಉಗುರಲ್ಲ, ಮತ್ತೆ ಬೆಳೆಯೋಕೆ."
ಆಮೇಲೆ ಕೇಳಿದಳು, ದಿನಾ ಉಜ್ಜುತ್ತೀರಾ?

ಅಲ್ಲಿ ನನಗೆ ಎದೆ ಉಬ್ಬಿತು.
ಒಂದು ಸಲವಲ್ಲಮ್ಮ, ಮೂರು ಸಲ!
ಗುಟುಕು ಇಳಿದ ಕೂಡಲೇ, ಅಂಗಡಿ ಹಿಂದಿನ ನಲ್ಲಿಯಲ್ಲಿ,
ಗಟ್ಟಿ ಬ್ರಷ್ಷು, ಕೈ ಸೋಲುವವರೆಗೆ.

ಅವಳು ಪೆನ್ನು ಕೆಳಗಿಟ್ಟಳು.

ಹುಳಿ ತಾಗಿದ ಹಲ್ಲು ತುಸು ಹೊತ್ತು ಮೆತ್ತಗಿರುತ್ತದಂತೆ,
ಹಸಿ ಗಾರೆಯ ಹಾಗೆ.
ನೀರಲ್ಲಿ ಮುಕ್ಕಳಿಸಿ ಸುಮ್ಮನಿರಬೇಕಂತೆ,
ಎಂಜಲು ಬಂದು ನಿಧಾನಕ್ಕೆ ಗಟ್ಟಿ ಮಾಡುವವರೆಗೆ,
ಅರ್ಧ ಗಂಟೆ, ಮುಕ್ಕಾಲು ಗಂಟೆ.
ಆ ಹಸಿ ಗಾರೆಯ ಮೇಲೆ ನಾನು
ಮೂವತ್ತೊಂದು ವರ್ಷ ಪೊರಕೆ ಆಡಿಸಿದ್ದೆ.
ಕೊಳಕಿಗಿಂತ ಹೆಚ್ಚಾಗಿ ನನ್ನ ಹಲ್ಲನ್ನು ತಿಂದದ್ದು ಶುಚಿ.

ರಾತ್ರಿ ಅಂಗಡಿ ಮುಚ್ಚುವ ಮೊದಲು
ಕಟ್ಟೆಯ ಮೇಲಿನ ಬಟ್ಟೆ ಸರಿಸಿ ಬೆರಳಾಡಿಸಿದೆ.
ಕಲ್ಲಿಗೇ ಹೀಗಾದರೆ.
ಸಾಹೇಬರಿಗೂ ಕೊನೆಗಾಲದಲ್ಲಿ ಹಲ್ಲಿರಲಿಲ್ಲ;
ವಯಸ್ಸು ಅಂದುಕೊಂಡಿದ್ದೆವು.

ಈಗ ರುಚಿ ನೋಡುವುದು ಗಿರಾಕಿಯ ಮುಖದಲ್ಲಿ.
ಮೊದಲ ಗುಟುಕಿಗೆ ಎಡಗಣ್ಣು ಮುಚ್ಚಿತೆ, ಹದ ಸರಿ.
ಎರಡೂ ಮುಚ್ಚಿದರೆ ಸಕ್ಕರೆ ಕಡಿಮೆ.
ಪಕ್ಕದ ಗಾಡಿಯವನು ಹುರಿಗಡಲೆ ನೀಡುತ್ತಾನೆ:
ಕಡಲೆಯೂ ಇದೆ, ಹಲ್ಲೂ ಇದೆ,
ನಡುವೆ ಈ ಝುಂ.

ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗನೊಬ್ಬ
ಇವತ್ತು ಬಂದ. "ಅಂಕಲ್, ಹುಳಿ ಜಾಸ್ತಿ ಇರಲಿ."
ಅರ್ಧ ಹೋಳು ಕೈಯಲ್ಲಿ ಹಿಡಿದು ನಿಂತೆ.
ಹಿಂಡಿದೆ. ಹೊಟ್ಟೆಪಾಡು.
ಪಕ್ಕದಲ್ಲಿ ಒಂದು ಲೋಟ ಬರೀ ನೀರಿಟ್ಟು
ಮುಕ್ಕಳಿಸಿ ಹೋಗು ಅಂದೆ. ಕಾಸು ಬೇಡ.
ಅವನು ನಕ್ಕು, ಸೋಡಾ ಮುಗಿಸಿ, ಬೈಕು ಹತ್ತಿದ.

ನೀರು ಹಾಗೇ ಉಳಿದಿತ್ತು.
ಚೆಲ್ಲುವುದೇಕೆಂದು ನಾನೇ ಕುಡಿದೆ.
ಝುಂ.